ಬಾರದ ಪುಸ್ತಕದ ಲೆಕ್ಕ

ತರಿಸಿದ ಪುಸ್ತಕ ಬರದಿದ್ದರೆ ಗ್ರಂಥಾಲಯದವರು ಆರ್ಡರ್ ರದ್ದು ಮಾಡುತ್ತಾರೆ. ಕಾದಿರಿಸಿದ ಹಣ ಮತ್ತೆ ಖರ್ಚಿಗೆ ಸಿಗುತ್ತದೆ. ಪುಸ್ತಕ ಯಾಕೆ ಬರಲಿಲ್ಲ ಎಂಬುದನ್ನೂ ಬರೆದಿಡಲು ಕೋಹಾ ತಂತ್ರಾಂಶ ಒಂದು ಜಾಗ ಕೊಟ್ಟಿದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ರಿಂದ ಬಳಕೆಯಲ್ಲಿರುವ ಈ ಉಚಿತ ತಂತ್ರಾಂಶ ಕರ್ನಾಟಕದ ಎಷ್ಟೋ ಕಾಲೇಜು ಗ್ರಂಥಾಲಯಗಳಲ್ಲೂ ಇದೆ. ಜಾಗವೇನೋ ಒಳ್ಳೆಯದು; ಅದನ್ನು ತುಂಬಿರುವ ರೀತಿ ಮಾತ್ರ ಸಾಲದು.

ಕೋಹಾದ ಜೊತೆಗೆ ಬರುವ ಮಾದರಿ ಪಟ್ಟಿಯಲ್ಲಿ ಮೂರೇ ಕಾರಣಗಳಿವೆ: ‘ಕಾರಣ ಕೊಟ್ಟಿಲ್ಲ’, ‘ಸ್ಟಾಕ್ ಇಲ್ಲ’, ‘ರೀಸ್ಟಾಕಿಂಗ್’. ಮೊದಲನೆಯದು ಕಾರಣವೇ ಅಲ್ಲ. ಮಾರ್ಚ್ 31ರೊಳಗೆ ಅನುದಾನದ ಲೆಕ್ಕ ಮುಗಿಸಬೇಕಾದ ಅವಸರದಲ್ಲಿ ಕೈ ಅದರ ಮೇಲೇ ಬೀಳುತ್ತದೆ. ಎರಡನೆಯದರಲ್ಲಿ ಬೇರೆಬೇರೆ ಸಂಗತಿಗಳು ಕಲಸಿಹೋಗಿವೆ. ಮಾರಾಟಗಾರನ ಬಳಿ ಪ್ರತಿ ಇಲ್ಲವೆಂದರೆ ಇನ್ನೊಬ್ಬನನ್ನು ಕೇಳಬಹುದು. ಪ್ರಕಾಶಕರ ಬಳಿಯೇ ಮುಗಿದಿದ್ದರೆ ಮರುಮುದ್ರಣಕ್ಕೆ ಕಾಯಬೇಕು, ಇಲ್ಲವೇ ಹಳೆ ಪುಸ್ತಕದಂಗಡಿ ಹುಡುಕಬೇಕು. ಕನ್ನಡದ ಸಂಶೋಧನ ಗ್ರಂಥಗಳು ಕೆಲವೇ ನೂರು ಪ್ರತಿ ಅಚ್ಚಾಗಿ ಮುಗಿದುಹೋಗುವುದುಂಟು. ಅವನ್ನು ಕೊಳ್ಳುವವರಿಗೆ ಈ ಭೇದ ತೀರಾ ಮುಖ್ಯ. ಆ ಪುಸ್ತಕ ಬೇಕೆಂದು ಕೇಳಿದ ಅಧ್ಯಾಪಕರಿಗೂ ‘ಸ್ಟಾಕ್ ಇಲ್ಲ’ ಎಂಬ ಉತ್ತರದಿಂದ ಏನೂ ತಿಳಿಯುವುದಿಲ್ಲ.

ಪಟ್ಟಿಯನ್ನು ಬದಲಿಸುವುದು ಕಷ್ಟವೇನಲ್ಲ. ಕೋಹಾದ ಆಡಳಿತ ವಿಭಾಗದಲ್ಲಿ ಇಂಥ ಪಟ್ಟಿಗಳಿರುವ ಆಥರೈಸ್ಡ್ ವ್ಯಾಲ್ಯೂಸ್‌ನಲ್ಲಿ ಹೊಸ ಸಾಲು ಸೇರಿಸಿದರೆ ಆಯಿತು. ಆದರೆ ಇಲ್ಲೊಂದು ಹೊಂಡವಿದೆ. ರದ್ದಾದ ಆರ್ಡರಿನಲ್ಲಿ ಉಳಿಯುವುದು ಕಾರಣದ ಸಂಕೇತ, ಅದರ ವಿವರಣೆಯಲ್ಲ. 2 ಎಂಬ ಸಂಕೇತದ ಎದುರಿದ್ದ ‘ರೀಸ್ಟಾಕಿಂಗ್’ ಅಳಿಸಿ ‘ಬೆಲೆ ಏರಿದೆ’ ಎಂದು ಬರೆದರೆ, ಹಿಂದೆ ಆ ಸಂಕೇತದಲ್ಲಿ ರದ್ದಾದ ಆರ್ಡರುಗಳೆಲ್ಲ ಬೆಲೆ ಏರಿದ್ದಕ್ಕೇ ರದ್ದಾದವೆಂದು ಕಾಣುತ್ತವೆ. ಹಳೆ ಸಾಲನ್ನು ಮುಟ್ಟದೆ ಹೊಸ ಸಂಕೇತ ಕೊಡುವುದೇ ಸರಿ. ಲೆಕ್ಕ ತಪಾಸಣೆಗೆ ಕೊಡುವ ದಾಖಲೆ ತಾನಾಗಿ ಬದಲಾಗುವಂತಿರಬಾರದು.

ಅಮೆರಿಕದ ಜಾರ್ಜಿಯಾ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗಾಗಿ ರೂಪುಗೊಂಡು 2006ರಲ್ಲಿ ಬಳಕೆಗೆ ಬಂದದ್ದು ಎವರ್‌ಗ್ರೀನ್ ತಂತ್ರಾಂಶ. ಈ ವಿಷಯದಲ್ಲಿ ಅದರ ಯೋಚನೆ ಹೆಚ್ಚು ಪಕ್ವವಾದದ್ದು. ಅಲ್ಲಿ ಪ್ರತಿ ಕಾರಣದ ಜೊತೆಗೂ ಕಾದಿರಿಸಿದ ಹಣವನ್ನು ಹಾಗೇ ಇಡಬೇಕೇ ಎಂಬ ಗುರುತಿದೆ. ‘ತಡವಾಗಿದೆ, ಬರುತ್ತದೆ’ ಎನ್ನುವ ಕಾರಣಕ್ಕೆ ಆ ಗುರುತು ಹಾಕಿದರೆ ಹಣ ಹಾಗೇ ಇರುತ್ತದೆ; ‘ಇನ್ನು ಬರುವುದೇ ಇಲ್ಲ’ ಎನ್ನುವುದಕ್ಕೆ ಹಾಕದಿದ್ದರೆ ಹಣ ಬಿಡುಗಡೆಯಾಗುತ್ತದೆ. ಕಾರಣ ಬರೀ ಟಿಪ್ಪಣಿಯಾಗದೆ ಲೆಕ್ಕವನ್ನೇ ನಡೆಸುತ್ತದೆ. ನಾನು ಬಹಳ ಮೆಚ್ಚುವ ವ್ಯವಸ್ಥೆ ಇದು. ಕೋಹಾದಲ್ಲೂ ಇಂಥದ್ದು ಬರಬೇಕು.

ಅಲ್ಲಿಯವರೆಗೆ ನಮ್ಮ ಗ್ರಂಥಾಲಯಗಳು ತಮ್ಮ ಪಟ್ಟಿಯನ್ನು ತಾವೇ ಕಟ್ಟಿಕೊಳ್ಳಬೇಕು. ಮಾರಾಟಗಾರ ಸರಬರಾಜು ಮಾಡಲಿಲ್ಲ, ಪ್ರಕಾಶಕರಲ್ಲಿ ಮುಗಿದಿದೆ, ಇನ್ನೂ ಪ್ರಕಟವಾಗಿಲ್ಲ, ಬೆಲೆ ಅಥವಾ ಆವೃತ್ತಿ ಬೇರೆ, ನಮ್ಮಲ್ಲೇ ಎರಡು ಸಲ ಆರ್ಡರ್ ಆಗಿದೆ: ಇಷ್ಟಿದ್ದರೆ ಸಾಕು. ಕೊನೆಯದನ್ನು ಸೇರಿಸಲು ಹಲವರು ಹಿಂಜರಿಯುತ್ತಾರೆ, ತಪ್ಪು ತಮ್ಮ ತಲೆಗೆ ಬರುತ್ತದೆಂದು. ಆದರೆ ಅದಿಲ್ಲದ ಪಟ್ಟಿಯಲ್ಲಿ ಗ್ರಂಥಾಲಯದ್ದೇ ತಪ್ಪೂ ಮಾರಾಟಗಾರನ ಖಾತೆಗೆ ಹೋಗುತ್ತದೆ, ಮುಂದಿನ ವರ್ಷ ಅವನನ್ನು ಕೈಬಿಡುವುದಕ್ಕೆ ಅದೇ ಆಧಾರವಾಗುತ್ತದೆ.