ಕೈಗಾದ 962 ದಿನ, ಪೈಪಿನ ಲೆಕ್ಕದಲ್ಲಿ

ಪೈಪು ನೋಡುವುದೂ ಒಂದು ಹವ್ಯಾಸವೇ ಎಂದು ನಗುವವರಿದ್ದಾರೆ. ನಗಲಿ. ಸಕ್ಕರೆ ಕಾರ್ಖಾನೆಯಂಥ ಕಡೆ ಹಬೆಯ ಪೈಪುಗಳ ಸಾಲನ್ನು ಒಮ್ಮೆ ಗಮನಿಸಿ. ನೆಟ್ಟಗೆ ಹೋಗುತ್ತಿದ್ದ ಪೈಪು ಏನೂ ಕಾರಣವಿಲ್ಲದೆ ಮೇಲೆದ್ದು, ಅಡ್ಡ ಹೊರಳಿ, ಮತ್ತೆ ಇಳಿದು ತನ್ನ ದಾರಿ ಹಿಡಿಯುತ್ತದೆ. ಅಡ್ಡ ಬಂದದ್ದು ಕಂಬವೂ ಅಲ್ಲ, ಗೋಡೆಯೂ ಅಲ್ಲ. ಬಿಸಿಯಾದ ಉಕ್ಕು ಹಿಗ್ಗಬೇಕಲ್ಲ, ಅದಕ್ಕೆಂದು ಬಿಟ್ಟ ಸಲಿಗೆ ಅದು. ಪೈಪಿನ ರಸಿಕರು ಮೊದಲು ನೋಡುವುದೇ ಈ ಬಳಸುದಾರಿಯನ್ನು.

ಹತ್ತು ಮೀಟರಿನ ಉಕ್ಕಿನ ಪೈಪು 30 ಡಿಗ್ರಿಯಿಂದ 290 ಡಿಗ್ರಿಗೆ ಕಾದರೆ ಮೂರು ಸೆಂಟಿಮೀಟರ್ ಬೆಳೆಯುತ್ತದೆ. ಅಷ್ಟೇ ತಾನೇ ಎನ್ನಬೇಡಿ. ಎರಡೂ ತುದಿಯನ್ನು ಅಲುಗದಂತೆ ಬಿಗಿದು ಕಾಯಿಸಿದರೆ ಸುಮಾರು ನೂರು ಡಿಗ್ರಿ ಏರುವಷ್ಟರಲ್ಲೇ ಸಾದಾ ಉಕ್ಕು ಮತ್ತೆ ಹಳೆಯ ರೂಪಕ್ಕೆ ಮರಳದ ಹಂತ ಮುಟ್ಟುತ್ತದೆ. ಎತ್ತಿನ ಗಾಡಿಯ ಗಾಲಿಗೆ ಹಳಿ ತೊಡಿಸುವ ಕಮ್ಮಾರರು ಈ ಬಲವನ್ನೇ ದುಡಿಸಿಕೊಂಡವರು: ಕುಳ್ಳಿನ ಬೆಂಕಿಯಲ್ಲಿ ಹಿಗ್ಗಿದ ಹಳಿಯ ಮೇಲೆ ನೀರು ಸುರಿದರೆ ಅದು ಕುಗ್ಗಿ ಕಟ್ಟಿಗೆಯನ್ನು ಅವುಚುತ್ತದೆ. ಅವರಿಗೆ ಅದು ಒಮ್ಮೆ ಬೇಕು. ಸ್ಥಾವರದ ಪೈಪಿಗೆ ಮಾತ್ರ ಕಾಯುವುದೂ ತಣಿಯುವುದೂ ವರ್ಷಾನುಗಟ್ಟಲೆ ತಪ್ಪದು.

ನಮಗೆ ಹತ್ತಿರದ ದೊಡ್ಡ ಉದಾಹರಣೆ ಕೈಗಾದ ಅಣು ವಿದ್ಯುತ್ ಸ್ಥಾವರ. ಅಲ್ಲಿಂದ ಹೊರಟ 400 ಕಿಲೋವೋಲ್ಟ್ ತಂತಿಯೊಂದು ಹರಿಹರದ ಬಳಿಯ ಗುತ್ತೂರಿಗೆ ಬರುತ್ತದೆ. ಕೈಗಾದಲ್ಲಿರುವುದು 220 ಮೆಗಾವಾಟಿನ ನಾಲ್ಕು ಘಟಕ. ಒಂದೊಂದರಲ್ಲೂ 306 ಇಂಧನ ಕೊಳವೆಗಳು, ಪ್ರತಿ ಕೊಳವೆಯ ಎರಡೂ ತುದಿಗೆ ಒಂದೊಂದು ಫೀಡರ್ ಪೈಪು. ಭಾರಜಲ ಸುಮಾರು 249 ಡಿಗ್ರಿಯಲ್ಲಿ ಒಳಹೋಗಿ 293ರಲ್ಲಿ ಹೊರಬರುತ್ತದೆ. ಸ್ಥಾವರದ ಮೊದಲನೇ ಘಟಕ 2016ರ ಮೇ 13ರಂದು ಓಡಲು ತೊಡಗಿ 2018ರ ಡಿಸೆಂಬರ್ 31ರವರೆಗೆ, 962 ದಿನ, ನಿಲ್ಲಲೇ ಇಲ್ಲ. ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಮುರಿಯಿತು. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಇದನ್ನೂ ದಾಟಿತು, ಅದು ಬೇರೆ ಮಾತು. ಓಡುತ್ತಿರುವಾಗಲೇ ಇಂಧನ ಬದಲಿಸಬಲ್ಲ ರಿಯಾಕ್ಟರು ಇದಾದ್ದರಿಂದಲೇ ಇಷ್ಟು ಉದ್ದದ ಓಟ ಸಾಧ್ಯವಾಯಿತು.

ಪತ್ರಿಕೆಗಳು ಇದನ್ನು ತಾಳಿಕೆಯ ಸಾಹಸವೆಂದು ಬರೆದವು. ನನಗೆ ಕಂಡದ್ದು ಬೇರೆ. ಪೈಪಿಗೆ ಓಟ ಕಷ್ಟವಲ್ಲ, ನಿಲ್ಲುವುದು ಮತ್ತು ಹೊರಡುವುದು ಕಷ್ಟ. ಒಂದೇ ಸಮ ಬಿಸಿಯಲ್ಲಿ ಸ್ವಚ್ಛಂದವಾಗಿ ಹಿಗ್ಗಿ ಕೂತ ಲೋಹಕ್ಕೆ ದಣಿವಿನ ಕಾಟ ಕಡಿಮೆ. ಸ್ವೀಡನ್ನಿನ ಪಾಮ್‌ಗ್ರೆನ್ 1924ರಲ್ಲಿ, ಅಮೆರಿಕದ ಮೈನರ್ 1945ರಲ್ಲಿ ಕೊಟ್ಟ ಲೆಕ್ಕ ಸರಳ: ಪ್ರತಿ ಕಾಯುವ–ತಣಿಯುವ ಸುತ್ತು ಪೈಪಿನ ಆಯುಷ್ಯದ ಒಂದು ಪಾಲು ತಿನ್ನುತ್ತದೆ, ತಿಂದದ್ದೆಲ್ಲ ಕೂಡಿ ಒಂದಕ್ಕಿಂತ ಕಡಿಮೆ ಇರಬೇಕು. ಹಾಗೆ ನೋಡಿದರೆ ಆ 962 ದಿನಗಳಲ್ಲಿ ಮೊದಲನೇ ಘಟಕದ ಮುಖ್ಯ ಪೈಪುಗಳಿಗೆ ದೊಡ್ಡ ಸುತ್ತಿನ ಖರ್ಚೇ ಬೀಳಲಿಲ್ಲ.

ಆದರೆ ಈ ಲೆಕ್ಕಕ್ಕೆ ಸಿಕ್ಕದ ಸುತ್ತುಗಳೂ ಇವೆ, ನನಗೆ ಹೆಚ್ಚು ರುಚಿಸುವುದು ಅವೇ. ಅಡ್ಡ ಮಲಗಿದ ಪೈಪಿನಲ್ಲಿ ನೀರು ನಿಧಾನವಾಗಿ ಹರಿದರೆ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರಗಟ್ಟುತ್ತದೆ. ಮೇಲ್ಭಾಗ ಹಿಗ್ಗಿ ಇಡೀ ಪೈಪು ಕಮಾನಿನಂತೆ ಉಬ್ಬುತ್ತದೆ. 1987ರಲ್ಲಿ ಅಮೆರಿಕದ ಫಾರ್ಲಿಯಲ್ಲಿ, 1988ರಲ್ಲಿ ಬೆಲ್ಜಿಯಮ್ಮಿನ ಟಿಯಾಂಜ್‌ನಲ್ಲಿ ಬಿರುಕು ಬಿಟ್ಟದ್ದು ರಿಯಾಕ್ಟರಿಗೆ ಸೇರುವ ಪಕ್ಕದ ಪೈಪು, ಹರಿವೇ ಇರಬಾರದಿದ್ದ ಕಡೆ. ಮುಚ್ಚಿದ್ದ ವಾಲ್ವಿನಿಂದ ತಣ್ಣೀರು ಜಿನುಗುತ್ತಿತ್ತು, ಅಷ್ಟೇ.

ಫ್ರಾನ್ಸಿನ ಸಿವೋ ಇನ್ನೂ ಪಾಠದಾಯಕ. ಹೊಸ ಸ್ಥಾವರ, 1997ರ ಕೊನೆಗೆ ಚಾಲೂ ಆಗಿತ್ತು. 1998ರ ಮೇ 12ರಂದು ಬಿಸಿನೀರು ತಣ್ಣೀರು ಕೂಡುವ ಜಾಗದ ಮುಂದಿನ ಸ್ಟೇನ್‌ಲೆಸ್ ಸ್ಟೀಲ್ ಮೊಣಕೈ ಪೈಪಿನಲ್ಲಿ ಸುಮಾರು 18 ಸೆಂಟಿಮೀಟರಿನ ಆರಪಾರ ಬಿರುಕು ಬಿಟ್ಟು, ಗಂಟೆಗೆ 30 ಸಾವಿರ ಲೀಟರ್ ಸೋರಿತು. ಸ್ಥಾವರ ಎಷ್ಟು ಸಲ ನಿಂತಿತು, ಎಷ್ಟು ಸಲ ಹೊರಟಿತು ಎಂದು ಎಣಿಸಿದರೆ ಇದು ಅರ್ಥವಾಗದು. ಸುಳಿಯಲ್ಲಿ ಬೆರೆಯುವ ನೀರು ಒಳಗೋಡೆಯನ್ನು ಕ್ಷಣಕ್ಕೊಮ್ಮೆ ಕಾಯಿಸಿ ಕ್ಷಣಕ್ಕೊಮ್ಮೆ ತಣಿಸುತ್ತಿತ್ತು. ಒಂದು ತಾಸಿನಲ್ಲೇ ಸಾವಿರಾರು ಸುತ್ತು. ಕಂಟ್ರೋಲ್ ರೂಮಿನ ಮಾಪಕ ತೋರಿಸುವುದು ಸರಾಸರಿ ಉಷ್ಣತೆ, ಪಾಪ, ಅದಕ್ಕೇನು ಗೊತ್ತು! ಆಮೇಲೆ ಅದೇ ಮಾದರಿಯ ಸ್ಥಾವರಗಳಲ್ಲೆಲ್ಲ ಆ ಭಾಗ ಬದಲಿಸಿದರು.

ಇಷ್ಟು ತಿಳಿದ ಮೇಲೆ ಕಾರ್ಖಾನೆಯೊಳಗೆ ಹೋಗುವ ಅವಕಾಶ ಸಿಕ್ಕರೆ ಬಾಯ್ಲರಿನ ಎತ್ತರಕ್ಕೆ ಬೆರಗಾಗುತ್ತ ನಿಲ್ಲಬೇಡಿ. ಪೈಪನ್ನು ತೂಗುಹಾಕಿದ ಸ್ಪ್ರಿಂಗ್ ಹ್ಯಾಂಗರ್ ಹುಡುಕಿ. ಅದರ ಡಬ್ಬಿಯ ಮೇಲೆ ತಣ್ಣಗಿರುವಾಗಿನದೊಂದು, ಬಿಸಿಯಾದಾಗಿನದೊಂದು ಗುರುತು, ನಡುವೆ ಒಂದು ಮುಳ್ಳು ಇರುತ್ತದೆ. ಹಬೆ ಹರಿಯುತ್ತಿದ್ದರೂ ಮುಳ್ಳು ತಣ್ಣನೆಯ ಗುರುತಿನಲ್ಲೇ ಕೂತಿದ್ದರೆ ಪೈಪು ಎಲ್ಲೋ ಸಿಕ್ಕಿಕೊಂಡಿರಬಹುದು. ಜೊತೆಗಿರುವ ಫಿಟ್ಟರನ್ನು ಕೇಳಿ. ಅವರು ನಿಮ್ಮನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.