ಓಕ್ ನೆಟ್ಟು ಜಿಂಕೆ ಕರೆಯುವವರು

ಅಕ್ಟೋಬರ್ ಬಂತೆಂದರೆ ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಬೇಟೆಗಾರರ ಗೊಣಗಾಟ ಶುರು. ಜಿಂಕೆಗೆಂದೇ ಬಿತ್ತಿ ಬೆಳೆಸಿದ ಕ್ಲೋವರ್ ಹಾಗೇ ನಿಂತಿರುತ್ತದೆ, ಬಿಳಿಬಾಲದ ಜಿಂಕೆಗಳ ಸುಳಿವಿಲ್ಲ. ಅವು ದೂರವೇನೂ ಹೋಗಿರುವುದಿಲ್ಲ. ಪಕ್ಕದ ಕಾಡಿನ ಓಕ್ ಮರಗಳ ಬುಡದಲ್ಲಿ ಉದುರಿದ ಕಾಯಿ ಆಯ್ದು ತಿನ್ನುತ್ತಿರುತ್ತವೆ. ಇದನ್ನು ಕಂಡವರು ತಮ್ಮ ಜಮೀನಿನಲ್ಲೂ ಓಕ್ ನೆಡಲು ಹೊರಡುತ್ತಾರೆ. ಸಸಿ ಮಾರುವ ನರ್ಸರಿಗಳಿಗೆ ಅದೇ ಸುಗ್ಗಿ.

ಜಿಂಕೆಯ ನಾಲಿಗೆಯ ಬಗ್ಗೆ ಬೇಟೆಗಾರರ ಅಂದಾಜು ಸರಿಯಾಗಿಯೇ ಇದೆ. ಬಿಳಿ ಓಕ್‌ನ ಕಾಯಿಯಲ್ಲಿ ಟ್ಯಾನಿನ್ ಕಡಿಮೆ, ಹಾಗಾಗಿ ಒಗರೂ ಕಡಿಮೆ. ಹೂಬಿಟ್ಟ ವರ್ಷವೇ ಮಾಗಿ ಉದುರುತ್ತದೆ, ಉದುರಿದ ಸ್ವಲ್ಪ ದಿನಕ್ಕೇ ಮೊಳೆಯುತ್ತದೆ. ಕೆಂಪು ಓಕ್‌ನ ಕಾಯಿ ಮಾಗುವುದಕ್ಕೆ ಎರಡು ವರ್ಷ ಬೇಕು. ಒಗರು ಹೆಚ್ಚಾದರೂ ಅದು ಮೊಳೆಯುವುದು ವಸಂತದಲ್ಲಿ, ಆದ್ದರಿಂದ ಚಳಿಗಾಲದ ಬುತ್ತಿ ಅದೇ. ಎರಡರಲ್ಲೂ ಕೊಬ್ಬು, ಪಿಷ್ಟ ಧಾರಾಳ, ಪ್ರೋಟೀನ್ ಅಲ್ಪ. ಮೈ ತುಂಬಿಕೊಳ್ಳಲು ಒಳ್ಳೆಯದು. ಇದರಿಂದ ಕೊಂಬು ದೊಡ್ಡದಾಗುತ್ತದೆಂಬ ಮಾತನ್ನು ಮಾತ್ರ ನಂಬಬೇಕಿಲ್ಲ.

ತಕರಾರು ಇರುವುದು ನೆಡುವ ಉಮೇದಿನ ಬಗ್ಗೆ. ಬಿಳಿ ಓಕ್ ಕಾಯಿ ಬಿಡಲು ಸುಮಾರು 20 ವರ್ಷ, ಹೇರಳವಾಗಿ ಬಿಡಲು 50 ವರ್ಷ ಹಿಡಿಯುತ್ತದೆ. ಆಮೇಲೂ ಫಸಲಿನ ಖಾತರಿಯಿಲ್ಲ: ನಮ್ಮ ಮಾವಿನಂತೆ ಒಂದು ವರ್ಷ ಸುರಿದರೆ ಮುಂದಿನ ವರ್ಷ ಕೈಕೊಡುತ್ತದೆ, ಕೆಲವೊಮ್ಮೆ ಇಡೀ ಕಾಡೇ ಒಟ್ಟಿಗೆ ಬರಿದಾಗುತ್ತದೆ.

ಆತುರದವರಿಗೆ ಸಿಕ್ಕಿದ್ದು ಏಷ್ಯಾದ ಸಾಟೂತ್ ಓಕ್. ನೆಟ್ಟ ಐದಾರು ವರ್ಷಕ್ಕೇ ಕಾಯಿ ಬಿಡಬಲ್ಲ ಮರ. ಸರ್ಕಾರದ ಮಣ್ಣು ಸಂರಕ್ಷಣಾ ಸಂಸ್ಥೆಯೇ 1986ರಲ್ಲಿ 'ಗಾಬ್ಲರ್' ಎಂಬ ಅದರ ತಳಿಯನ್ನು, ಮುಖ್ಯವಾಗಿ ಕಾಡು ಟರ್ಕಿ ಕೋಳಿಗಳಿಗಾಗಿ, ಬಿಡುಗಡೆ ಮಾಡಿತ್ತು. ಇಂದು ಪೂರ್ವದ ಹಲವೆಡೆ ಅದು ತಾನಾಗಿ ಹಬ್ಬುವ ಪರಕೀಯ ಗಿಡ. ಇಷ್ಟು ದುಬಾರಿ ಅವಸರ ಬೇಕಿರಲಿಲ್ಲ.

ಮರಕ್ಕೆ ಗೊಬ್ಬರ ಸುರಿದರೆ ಕಾಯಿ ಹೆಚ್ಚುತ್ತದೆ ಎಂಬುದು ಇನ್ನೊಂದು ನಂಬಿಕೆ. ಟೆನೆಸ್ಸಿ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿ ಓಕ್‌ಗಳ ಮೇಲೆ ಪ್ರಯೋಗ ಮಾಡಿ ನೋಡಿದಾಗ ಗೊಬ್ಬರದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಸುತ್ತಲ ಮರ ಕಡಿದು ನೆತ್ತಿಗೆ ಬಿಸಿಲು ಬಿಡಿಸಿದ್ದು ಫಲ ಕೊಟ್ಟಿತು. ಒಂದೇ ಕಾಡಿನಲ್ಲಿ ಕೆಲವು ಮರ ಸದಾ ಹೆಚ್ಚು ಬಿಡುತ್ತವೆ, ಕೆಲವು ಬಂಜೆಯಂತೆ ನಿಲ್ಲುತ್ತವೆ. ಬೇಸಿಗೆಯ ಕೊನೆಗೆ ದುರ್ಬೀನು ಹಿಡಿದು ಕೊಂಬೆ ನೋಡಿ, ಬಿಡುವ ಮರಗಳಿಗೆ ಗುರುತು ಹಾಕಿಕೊಂಡರೆ ಗರಗಸ ಎಲ್ಲಿ ಆಡಿಸಬೇಕೆಂದು ತಿಳಿಯುತ್ತದೆ. ಸಸಿಯ ಚೀಲಕ್ಕಿಂತ ಇದು ಅಗ್ಗ.

ಕಾನೂನೂ ಇಲ್ಲಿ ಸ್ವಾರಸ್ಯಕರ. ಜಿಂಕೆಗೆ ಆಮಿಷ ಒಡ್ಡುವುದನ್ನು ನಿಷೇಧಿಸಿರುವ ರಾಜ್ಯಗಳಲ್ಲೂ ಮರದಿಂದ ತಾನಾಗಿ ಉದುರಿದ ಕಾಯಿಯ ಬಳಿ ಹೊಂಚು ಹಾಕಬಹುದು. ಅದೇ ಕಾಯಿಯನ್ನು ಬೇರೆಡೆಯಿಂದ ಮೂಟೆಯಲ್ಲಿ ತಂದು ಸುರಿದರೆ ತಪ್ಪು. ಬೇಟೆಯನ್ನೇ 1972ರ ಕಾಯ್ದೆಯಲ್ಲಿ ನಿಷೇಧಿಸಿರುವ ಭಾರತದವರಿಗೆ ಇದು ಕೂದಲು ಸೀಳುವ ಲೆಕ್ಕವೆನಿಸಬಹುದು. ಆದರೆ ಒಂದೇ ರಾಶಿಗೆ ಹತ್ತಾರು ಜಿಂಕೆಗಳು ಮೂತಿ ಇಟ್ಟರೆ ಮಿದುಳನ್ನು ಹಾಳುಗೆಡವುವ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ ಹರಡುವ ಅಪಾಯವಿದೆ.

ದೊಡ್ಡ ವಿಪರ್ಯಾಸ ಬೇರೆಯೇ ಇದೆ. ಕಾಯಿ ತಿನ್ನುವ ಜಿಂಕೆ ಓಕ್‌ನ ಎಳೆಯ ಸಸಿಯನ್ನೂ ಬಿಡುವುದಿಲ್ಲ. 1900ರ ಸುಮಾರಿಗೆ ಐದು ಲಕ್ಷದಷ್ಟಿದ್ದ ಬಿಳಿಬಾಲದ ಜಿಂಕೆಗಳು ಇಂದು ಸುಮಾರು ಮೂರು ಕೋಟಿ. ಅವು ದಟ್ಟವಾಗಿರುವ ಕಡೆ ಪ್ಲಾಸ್ಟಿಕ್ ಕೊಳವೆ ತೊಡಿಸದ ಸಸಿ ಆಳೆತ್ತರಕ್ಕೆ ಬರುವುದೇ ಕಷ್ಟ. ಅಂಥ ಜಮೀನಿನಲ್ಲಿ ಓಕ್ ಉಳಿಯಬೇಕಾದರೆ ಹೆಣ್ಣು ಜಿಂಕೆಗಳ ಸಂಖ್ಯೆ ತಗ್ಗಬೇಕು. ಭಾರಿ ಕೊಂಬಿನ ಗಂಡಿಗಾಗಿ ಮಾತ್ರ ಕಾಯುವ ಬೇಟೆಯಿಂದ ಅದು ಆಗುವ ಕೆಲಸವಲ್ಲ.