ಮೊದಲು ಇಳಿಯೋದು ಕಲೀಲಿ

ಚಳಿಗಾಲ ಶುರುವಾಯಿತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದು ಬಗೆ ಖಾಯಂ. 'ಮಗಳಿಗೆ ಆರು ವರ್ಷ, ಜಿಮ್ಮಿನ ಗೋಡೇನ ಸರಸರ ಹತ್ತುತಾಳೆ, ಈ ಭಾನುವಾರ ನಿಜವಾದ ಬಂಡೆಗೆ ಕರ್ಕೊಂಡು ಹೋಗೋಣ ಅಂತಿದೀವಿ, ಯಾವ ಬೆಟ್ಟ ಒಳ್ಳೇದು ಹೇಳಿ.' ಕೇಳುವವರ ಮನಸ್ಸಿನಲ್ಲಿ ಆಗಲೇ ಒಂದು ಫೋಟೊ ಸಿದ್ಧವಾಗಿರುತ್ತದೆ: ತುದಿಯಲ್ಲಿ ಎರಡೂ ಕೈ ಎತ್ತಿ ನಿಂತ ಮಗು, ಹಿಂದೆ ಆಕಾಶ. ನನ್ನ ಉತ್ತರ ಅವರಿಗೆ ಸಪ್ಪೆ ಅನಿಸುತ್ತದೆ. ಮೊದಲ ದಿನ ತುದಿಯ ಮಾತೇ ಬೇಡ. ಆಳೆತ್ತರ ಹತ್ತಿದರೆ ಸಾಕು, ಆದರೆ ಅಷ್ಟನ್ನೇ ಮತ್ತೆ ಮತ್ತೆ ಇಳಿಯಲಿ ಅನ್ನುತ್ತೇನೆ.

ಹತ್ತುವುದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿಟಕಿ ಸರಳು, ಗೇಟು, ಸೀಬೆಮರ, ಅಟ್ಟದ ಏಣಿ ಎಲ್ಲವನ್ನೂ ಅವರು ಬೈಸಿಕೊಂಡೇ ಹತ್ತಿ ಕಲಿತಿರುತ್ತಾರೆ. ಮೈ ಹಗುರ, ಬೆರಳು ಸಣ್ಣ. ನಮ್ಮ ಉಗುರೂ ಹಿಡಿಯದ ಬಿರುಕಿನೊಳಗೆ ಅವರ ನಾಲ್ಕು ಬೆರಳು ಹೋಗಿ ಕೂರುತ್ತವೆ. ತೋಳಿನಲ್ಲಿ ಜಗ್ಗುವ ಶಕ್ತಿ ಇಲ್ಲದ್ದರಿಂದ ತಾವಾಗಿಯೇ ಕಾಲಿನ ಮೇಲೆ ಭಾರ ಹಾಕುತ್ತಾರೆ. ಜಿಮ್ಮಿನಲ್ಲಿ ತೋಳು ಬೆಳೆಸಿದ ಗಂಡಸರಿಗೆ ಇಷ್ಟನ್ನು ಕಲಿಸಲು ವರ್ಷ ಹಿಡಿಯುತ್ತದೆ. ಇಳಿಯುವ ಕತೆಯೇ ಬೇರೆ. ಹಗ್ಗದಲ್ಲಿ ಇಳಿಯಬೇಕಾದರೆ ಹಿಡಿದ ಕೈ ಬಿಡಬೇಕು, ಬೆನ್ನನ್ನು ಗಾಳಿಗೆ ಒಪ್ಪಿಸಿ ಹಿಂದಕ್ಕೆ ವಾಲಬೇಕು. ಹುಟ್ಟಿದಾಗಿನಿಂದ ಮೈ ಯಾವುದನ್ನು ಬೇಡ ಬೇಡ ಎನ್ನುತ್ತಾ ಬಂದಿದೆಯೋ ಅದನ್ನೇ ಬೇಕೆಂದು ಮಾಡಬೇಕು. ನಲವತ್ತು ಅಡಿ ಮೇಲೆ ಹೋದಮೇಲೆ ಈ ಪಾಠ ಶುರುಮಾಡಿದರೆ ಮಗು ಬಂಡೆಯನ್ನು ತಬ್ಬಿ ಕೂರುತ್ತದೆ, ಕೆಳಗೆ ಅಪ್ಪ ಅಮ್ಮ ಕೂಗಾಡುತ್ತಾರೆ, ಆ ಮಗು ಮತ್ತೆಂದೂ ಬಂಡೆಯ ಕಡೆ ತಲೆ ಹಾಕುವುದಿಲ್ಲ.

ಹಗ್ಗಕ್ಕೂ ಮೊದಲಿನ ಪಾಠಕ್ಕೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಹೊತ್ತ ಬಂಡೆ ಇದೆಯಲ್ಲ, ಸುಮಾರು 300 ಕೋಟಿ ವರ್ಷ ಹಳೆಯದು, ಅದೇ ಒಂದನೇ ಕ್ಲಾಸು. ಅದರ ಇಳಿಜಾರಿನಲ್ಲಿ ಮಗುವನ್ನು ಮೇಲೆ ಕೆಳಗೆ ಓಡಾಡಿಸಿ. ಭಯವಾದಾಗ ಬಂಡೆಯ ಕಡೆ ಬಗ್ಗುವುದು ಸಹಜ, ಆದರೆ ಬಗ್ಗಿದಷ್ಟೂ ಕಾಲು ಜಾರುತ್ತದೆ. ನೆಟ್ಟಗೆ ನಿಂತು ಪಾದವನ್ನು ಪೂರಾ ಊರಿದರೆ ಬಂಡೆ ಹಿಡಿದುಕೊಳ್ಳುತ್ತದೆ. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಪಾದಕ್ಕೇ ಗೊತ್ತಾಗಬೇಕು.

ಇನ್ನು ನಿಜವಾದ ಹತ್ತುವಿಕೆಗೆ ನನ್ನ ಆಯ್ಕೆ ರಾಮನಗರದ ಸುತ್ತಲಿನ ಕಲ್ಲು. ಭೂವಿಜ್ಞಾನಿಗಳು ಈಗಲೂ ಇದನ್ನು ಊರಿನ ಬ್ರಿಟಿಷರ ಕಾಲದ ಹೆಸರು ಹಿಡಿದು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಹತ್ತಿರ ಹೋಗಿ ನೋಡಿ, ಬೂದು ಕಲ್ಲಿನ ನಡುವೆ ನಸುಗೆಂಪು ಹರಳುಗಳು ಕಾಣುತ್ತವೆ, ಕೆಲವು ಹೆಬ್ಬೆರಳಿನಷ್ಟು ದೊಡ್ಡವು. ಫೆಲ್ಡ್‌ಸ್ಪಾರ್ ಎಂಬ ಖನಿಜ. ಮಳೆಗಾಳಿಗೆ ಸುತ್ತಲಿನ ಕಲ್ಲು ಸವೆದಲ್ಲಿ ಹರಳು ಒಂದಿಷ್ಟು ಮೇಲೆದ್ದು ನಿಂತಿರುತ್ತದೆ. ದೊಡ್ಡವರ ಶೂಗೆ ಅದು ಲೆಕ್ಕಕ್ಕೇ ಇಲ್ಲ. ಆರು ವರ್ಷದವರ ಪಾದಕ್ಕೆ ಮೆಟ್ಟಿಲು. ಆದರೆ ರಾಮದೇವರ ಬೆಟ್ಟವನ್ನು ಅದರ ಪಾಡಿಗೆ ಬಿಡಿ. 2012ರಿಂದ ಅದು ರಣಹದ್ದುಗಳ ಧಾಮ. ಕನಕಪುರ ರಸ್ತೆಯ ತುರಹಳ್ಳಿಯ ಗುಂಡುಗಳು ಮನೆಗೆ ಹತ್ತಿರ, ಆದರೆ ಅದೂ ಅರಣ್ಯ ಇಲಾಖೆಯ ಕಾಡು, ವಿಚಾರಿಸಿಕೊಂಡೇ ಹೋಗಬೇಕು. ಬಾದಾಮಿಯ ಕೆಂಪು ಮರಳುಗಲ್ಲು ನನ್ನ ಪ್ರಾಣ. ಆದರೂ ಮೊದಲ ದಿನಕ್ಕೆ ಅದು ಬೇಡವೇ ಬೇಡ. ಗೋಡೆ ಕಡಿದಾಗಿ ಎದ್ದಿದೆ, ಹಿಡಿಗಳ ಅಂತರ ದೊಡ್ಡವರ ತೋಳಿನ ಅಳತೆಯದು, ಮಳೆ ಬಿದ್ದಾಗ ಕಲ್ಲು ನೀರು ಕುಡಿದು ಮೆತ್ತಗಾಗುತ್ತದೆ. ಮಕ್ಕಳಿಗೆ ಬೇಕಾದದ್ದು ಒರಗಿ ಮಲಗಿದ ಬಂಡೆ.

ಜಿಮ್ಮಿನಲ್ಲಿ ಪಳಗಿದ ಮಕ್ಕಳು ಬಂಡೆಯ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ 'ಯಾವ ಕಲರು?' ಅಲ್ಲಿ ಹಳದಿ ಹಿಡಿಗಳದೊಂದು ದಾರಿ, ನೀಲಿಯದೊಂದು. ಇಲ್ಲಿ ಎಲ್ಲವೂ ಒಂದೇ ಬೂದು. ದೊಡ್ಡವರು ಎಡವುವುದು ಈ ಘಳಿಗೆಯಲ್ಲಿ: 'ಬಲಗಾಲು ಅಲ್ಲಿಡು, ಅಲ್ಲಲ್ಲ, ಅದರ ಮೇಲೆ, ಎಡಗೈ ಎಡಗೈ!' ಅಪ್ಪ ಒಂದು ದಿಕ್ಕಿನಿಂದ, ಚಿಕ್ಕಪ್ಪ ಇನ್ನೊಂದು ದಿಕ್ಕಿನಿಂದ. ಮಗು ಬಂಡೆ ನೋಡುವುದನ್ನು ಬಿಟ್ಟು ಕೆಳಗಿನವರ ಮುಖ ನೋಡತೊಡಗುತ್ತದೆ. ಸುಮ್ಮನಿದ್ದರೆ ಅಂಗೈ ಸವರಿಕೊಂಡು ತಾನೇ ಹುಡುಕುತ್ತದೆ, ಸಿಕ್ಕಾಗ ಮೇಲಿಂದಲೇ 'ಇಲ್ಲೊಂದಿದೆ' ಎಂದು ವರದಿ ಒಪ್ಪಿಸುತ್ತದೆ. ಅಶಿಮಾ ಶಿರೈಶಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 'ರ‍್ಯಾಟ್ ರಾಕ್' ಎಂಬ ಬಂಡೆ ಹತ್ತತೊಡಗಿದ್ದು ಆರನೇ ವಯಸ್ಸಿನಲ್ಲಿ. ಆಟಕ್ಕೆಂದು ಹೋದ ಹುಡುಗಿ, ಯಾರೋ ಹತ್ತುವುದು ನೋಡಿ ತಾನೂ ಹತ್ತಿದಳು. ಅಪ್ಪ ನೃತ್ಯದವರು, ಬೆಟ್ಟದವರಲ್ಲ. 2016ರಲ್ಲಿ, 14ರ ವಯಸ್ಸಿಗೆ, ಜಪಾನಿನಲ್ಲಿ ವಿ15 ಎಂಬ ಅತಿ ಕಠಿಣ ದರ್ಜೆಯ ಗುಂಡು ಹತ್ತಿದ ಮೊದಲ ಹೆಣ್ಣು ಅವಳು. ಎಲ್ಲ ಮಕ್ಕಳೂ ಅಶಿಮಾ ಆಗುತ್ತಾರೆಂದು ನಾನು ಹೇಳುತ್ತಿಲ್ಲ. ಕೋಚಿಂಗಿಗೆ ಆತುರ ಬೇಡ ಎನ್ನುತ್ತಿದ್ದೇನೆ, ಅಷ್ಟೇ.

ಸಲಕರಣೆಯಲ್ಲಿ ಮಾತ್ರ ಜಿಪುಣತನ ಕೂಡದು. ಸೊಂಟಕ್ಕೆ ಕಟ್ಟುವ ಮಾಮೂಲಿ ಹಾರ್ನೆಸ್ ಸಣ್ಣ ಮಕ್ಕಳಿಗೆ ಆಗುವುದಿಲ್ಲ. ಅವರಿಗಿನ್ನೂ ಸೊಂಟ ಎಂಬುದೇ ಇರುವುದಿಲ್ಲ, ತಲೆಯ ಭಾರ ಮೈಗೆ ಹೋಲಿಸಿದರೆ ಹೆಚ್ಚು. ತಲೆಕೆಳಗಾದರೆ ಜಾರಿ ಹೊರಬರಬಹುದು. ಭುಜದ ಮೇಲೂ ಪಟ್ಟಿ ಬರುವ, ಎದೆಯ ಹತ್ತಿರ ಹಗ್ಗ ಕಟ್ಟುವ ಫುಲ್ ಬಾಡಿ ಹಾರ್ನೆಸ್ ಬೇಕು. 40 ಕಿಲೋವರೆಗಿನ ಮೈಗೆಂದೇ ಅದು ಪ್ರತ್ಯೇಕವಾಗಿ ಬರುತ್ತದೆ. ಸೈಕಲ್ ಹೆಲ್ಮೆಟ್ ನಡೆಯುವುದಿಲ್ಲ, ಮೇಲಿಂದ ಉರುಳುವ ಕಲ್ಲು ತಡೆಯಲು ಮಾಡಿದ್ದೇ ಆಗಬೇಕು, ಕೆಳಗೆ ನಿಂತಿರುವಾಗಲೂ ತಲೆಯ ಮೇಲಿರಬೇಕು. ಹಗ್ಗ ಮೇಲಿನ ಆಧಾರದಿಂದ ಇಳಿಬಿದ್ದ ಟಾಪ್ ರೋಪ್ ಆಗಿರಲಿ. ಆ ಆಧಾರ ಎರಡಿರಲಿ, ಒಂದು ಕೈಕೊಟ್ಟರೆ ಇನ್ನೊಂದು ಇಡೀ ಭಾರ ಹೊರುವಂತೆ. ಇದನ್ನೆಲ್ಲ ಪೇಪರು ಓದಿ ಕಲಿಯಲಾಗದು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ತರಬೇತಾದವರು ಜೊತೆಗಿರದಿದ್ದರೆ ಲಾಲ್‌ಬಾಗಿನಲ್ಲೇ ಇನ್ನೊಂದು ಸುತ್ತು ಹಾಕಿ, ಮಾವಳ್ಳಿಯಲ್ಲಿ ತಿಂಡಿ ತಿಂದು ಮನೆಗೆ ಹೋಗಿ.

ಕಳೆದ ಡಿಸೆಂಬರಿನಲ್ಲಿ ನನ್ನ ತಂಗಿಯ ಮಗಳನ್ನು ಕರೆದೊಯ್ದಿದ್ದೆ. ಹಗ್ಗ ಕಟ್ಟಿದ ಮೇಲೆ ಅವಳ ಕಾಲು ನನ್ನ ಸೊಂಟದೆತ್ತರಕ್ಕೆ ಬರುವಷ್ಟು ಮಾತ್ರ ಹತ್ತಿಸಿ, ಹಗ್ಗ ಬಿಗಿ ಮಾಡಿ, 'ಈಗ ಕೂತ್ಕೋ' ಅಂದೆ.

'ಎಲ್ಲಿ ಕೂತ್ಕೊಳ್ಳೋದು ಮಾಮ? ಇಲ್ಲೇನೂ ಇಲ್ಲ.'

'ಹಗ್ಗದಲ್ಲೇ.'

'ನೀನು ಬಿಟ್ಬಿಟ್ರೆ?'

ಎಲ್ಲ ಮಕ್ಕಳಂತೆ ಅವಳೂ ಒಂದು ಕೈಯಲ್ಲಿ ಬಂಡೆ, ಇನ್ನೊಂದರಲ್ಲಿ ಪಕ್ಕದ ಹಗ್ಗ ಹಿಡಿದಳು. ಆ ಪಕ್ಕದ್ದು ಮೇಲಿಂದ ಹಿಂದಿರುಗಿ ನನ್ನ ಕೈಗೆ ಬರುವ ಹಗ್ಗ. ಅದನ್ನು ಹಿಡಿದರೆ ಇಳಿಸುವುದೇ ನಿಲ್ಲುತ್ತದೆ. ಬಿಡಿಸಿದೆ. ಹಿಂದಕ್ಕೆ ವಾಲಿದ್ದೇ ಮೊಣಕಾಲು ಮಡಿಸಿ ಬಂಡೆಗೆ ಉಜ್ಜಿಕೊಂಡಳು. ಪೂರ್ತಿ ಪ್ಯಾಂಟು ಹಾಕಿಸಿದ್ದು ಒಳ್ಳೆಯದಾಯಿತು. ಕಾಲು ಅಗಲಿಸಿ, ಪಾದ ಬಂಡೆಗೆ ಊರಿ, ಹಿಂದೆ ಹಿಂದೆ ನಡೆದು ಬರುವುದು ಅವಳಿಗೆ ಹತ್ತಿದ ಮೇಲೆ ನನಗೆ ಬಿಡುವೇ ಕೊಡಲಿಲ್ಲ. 'ಹತ್ತೋದು ಬೇಡ, ಬರೀ ಇಳಿಸು' ಎಂದು ಹಠ.

ಹಗ್ಗ ಹಿಡಿದವರು ಗಮನಿಸಬೇಕಾದ ಒಂದು ಸೂಕ್ಷ್ಮ ಇಲ್ಲಿದೆ. ಮಗು ಎಷ್ಟು ಹಗುರವೆಂದರೆ, ಮೇಲಿನ ತಿರುವಿನಲ್ಲಿ ಹಗ್ಗದ ತಿಕ್ಕಾಟವೇ ಅದರ ಭಾರವನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ನಾವು ಹಗ್ಗ ಬಿಡುತ್ತಲೇ ಇರುತ್ತೇವೆ, ಮಗು ಇದ್ದಲ್ಲೇ ಇರುತ್ತದೆ, ಹಗ್ಗ ಸಡಿಲವಾಗಿ ಜೋತುಬೀಳುತ್ತದೆ. ಆಮೇಲೆ ಮಗು ಒಂದು ಹೆಜ್ಜೆ ತಪ್ಪಿದ್ದೇ ಆ ಸಡಿಲಿನಷ್ಟೂ ದೂರ ದಢಕ್ಕನೆ ಜಾರುತ್ತದೆ. ಪೆಟ್ಟಾಗದಿದ್ದರೂ ನಂಬಿಕೆ ಹೋಗುತ್ತದೆ. ಆದ್ದರಿಂದ ಹಗ್ಗ ತಿರುಗುವ ಕೊಂಡಿ ಬಂಡೆಯ ಅಂಚಿನಿಂದ ಈಚೆಗೆ ತೂಗುವಂತಿರಲಿ, ಹಗ್ಗ ಕಲ್ಲಿಗೆ ಉಜ್ಜಬಾರದು. ಮಗುವಿನ ಕಾಲು ಚಲಿಸಿದ ಮೇಲೆ ಚಲಿಸಿದಷ್ಟೇ ಹಗ್ಗ ಬಿಡಬೇಕು.

ಹೊತ್ತು ಬೆಳಗಿನದೇ. ಹತ್ತು ಗಂಟೆಯ ನಂತರ ಬಿಸಿಲಿಗೆ ಬಂಡೆ ಕಾದು, ಅಂಗೈ ಬೆವರಿ, ಹಿಡಿತ ಹೋಗುತ್ತದೆ. ಇನ್ನೊಂದು, ಹೆಜ್ಜೇನು. ನಮ್ಮ ಕಡೆಯ ಬಂಡೆಗಳಲ್ಲಿ ಚಿರತೆಗಿಂತ ನಾನು ಹೆದರುವುದು ಅದಕ್ಕೆ. ಬಂಡೆ ಚಾಚಿದ ಕಡೆ ಕೆಳಗಿನಿಂದ ಕಪ್ಪಗೆ ಜೋತ ತಟ್ಟಿ ಕಂಡರೆ ಜಾಗ ಬದಲಿಸಿ, ವಾದ ಬೇಡ. ಸೆಂಟು, ಬೀಡಿ ಸಿಗರೇಟು, ಸ್ಪೀಕರು ಮೂರೂ ಮನೆಯಲ್ಲಿರಲಿ. ಹಗ್ಗಕ್ಕೆ ಕಟ್ಟಿದ ಮಗು ಓಡಲಾರದು ಎಂಬುದು ನೆನಪಿರಲಿ.

ಶೂ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಳೆಯುವ ಪಾದಕ್ಕೆ ಸಾವಿರಾರು ರೂಪಾಯಿಯ ಕ್ಲೈಂಬಿಂಗ್ ಶೂ ಈಗಲೇ ಬೇಡ. ಅಡಿಯ ರಬ್ಬರು ಸವೆಯದ ಶಾಲೆಯ ಕ್ಯಾನ್ವಾಸ್ ಶೂ ಒರಗಿದ ಬಂಡೆಗೆ ಧಾರಾಳವಾಯಿತು. ಒಂದೇ ತಕರಾರು, ನಮ್ಮ ಮನೆಗಳಲ್ಲಿ ಬರುವ ವರ್ಷಕ್ಕೂ ಆಗಲಿ ಎಂದು ಒಂದು ಸೈಜ್ ದೊಡ್ಡದೇ ಕೊಡಿಸಿರುತ್ತಾರೆ. ಶೂ ಬಂಡೆಯ ಮೇಲೆ ನಿಂತಿರುತ್ತದೆ, ಪಾದ ಒಳಗೆ ಜಾರುತ್ತಿರುತ್ತದೆ. ಹಾಗಿದ್ದರೆ ಹೋದ ವರ್ಷದ ಹಳೇ ಜೋಡಿ ಹುಡುಕಿ. ಬೆರಳಿಗೆ ತುಸು ಒತ್ತಿದರೂ ಅದೇ ಮೇಲು.